ಜಗಲಿಯ ದುಡಿಮೆಗೆ ಧಣಿ ಯಾರು?

ನಮ್ಮ ದೇಶದ ಹೆಣ್ಣುಮಕ್ಕಳು ಕೆಲವೇ ವರ್ಷಗಳಲ್ಲಿ ಭಾರೀ ಸಂಖ್ಯೆಯಲ್ಲಿ ದುಡಿಮೆಗೆ ಇಳಿದಿದ್ದಾರೆ ಎಂಬ ಸುದ್ದಿಯನ್ನು ಆಳುವವರು ಬಹಳ ಸಂತೋಷದಿಂದ ಹೇಳಿಕೊಳ್ಳುತ್ತಿದ್ದಾರೆ. ಕೇಂದ್ರ ಸರಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2017-18ರಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಶೇಕಡಾ 23.3ರಷ್ಟು ಮಂದಿ ಮಾತ್ರ ದುಡಿಯುವವರ ಲೆಕ್ಕದಲ್ಲಿದ್ದರು. 2023-24ಕ್ಕೆ ಅದು ಶೇಕಡಾ 41.7ಕ್ಕೆ ಏರಿತು. ಆರು ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿ! ಇದನ್ನು ಮಹಿಳಾ ಸಬಲೀಕರಣವೆಂದು ಕರೆದು ವೇದಿಕೆಗಳಲ್ಲಿ ಚಪ್ಪಾಳೆ ಗಿಟ್ಟಿಸಲಾಗುತ್ತಿದೆ.

ಚಪ್ಪಾಳೆ ತಟ್ಟುವ ಮೊದಲು ಅದೇ ಸಮೀಕ್ಷೆಯ ಇನ್ನೊಂದು ಪುಟವನ್ನೂ ತೆರೆದು ನೋಡಬೇಕು. ದುಡಿಯುವ ಮಹಿಳೆಯರಲ್ಲಿ 'ಸ್ವಯಂ ಉದ್ಯೋಗಿ'ಗಳೆಂದು ಬರೆಸಿಕೊಂಡವರ ಪ್ರಮಾಣ 2017-18ರಲ್ಲಿ ಶೇಕಡಾ 51.9 ಇತ್ತು, 2023-24ಕ್ಕೆ ಶೇಕಡಾ 67.4 ಆಯಿತು. ಈ ಸ್ವಯಂ ಉದ್ಯೋಗಿಗಳೆಂದರೆ ಅಂಗಡಿ ತೆರೆದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಒಡತಿಯರು ಎಂದು ಯಾರೂ ಭಾವಿಸಬೇಕಾಗಿಲ್ಲ. ದುಡಿಯುವ ಮಹಿಳೆಯರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಮಂದಿ ಮನೆಯ ಹೊಲದಲ್ಲೋ ಗಂಡನ ಅಂಗಡಿಯಲ್ಲೋ ಸಂಬಳವೇ ಇಲ್ಲದೆ 'ಸಹಾಯಕಿ'ಯರಾಗಿ ದುಡಿಯುವವರು. ತಿಂಗಳ ಸಂಬಳದ ಕೆಲಸದಲ್ಲಿರುವವರ ಪ್ರಮಾಣವಾದರೋ ಇದೇ ಅವಧಿಯಲ್ಲಿ ಸುಮಾರು ಶೇಕಡಾ 21ರಿಂದ 16ರ ಆಸುಪಾಸಿಗೆ ಇಳಿದಿದೆ. ಅಂದರೆ ಹೆಚ್ಚಾದದ್ದು ಹೆಣ್ಣಿನ ದುಡಿಮೆಯೇ ಹೊರತು ಅವಳ ಸಂಬಳದ ಕೆಲಸವಲ್ಲ.

ಈ ಹೊಸ ಕಾರ್ಮಿಕ ಮಾರುಕಟ್ಟೆಯಲ್ಲಿ ದುಡಿಯುವವಳಿದ್ದಾಳೆ, ಅವಳ ದುಡಿಮೆಯಿಂದ ಲಾಭ ಪಡೆಯುವವನೂ ಇದ್ದಾನೆ. ಆದರೆ ಅವಳಿಗೆ ಧಣಿ ಯಾರು ಎಂದು ಕೇಳಿದರೆ ಯಾರೂ ಕೈ ಎತ್ತುವುದಿಲ್ಲ. ಪಂಡಿತರು ಇದನ್ನು ಇಪ್ಪತ್ತೊಂದನೇ ಶತಮಾನದ ಹೊಸ ಬೆಳವಣಿಗೆ ಎನ್ನುತ್ತಾರೆ. ಕರಾವಳಿಯ ನಮಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಯಾಕೆಂದರೆ ನಮ್ಮ ಮನೆಗಳ ಜಗಲಿಯಲ್ಲಿ ತಲೆಮಾರುಗಳಿಂದ ನಡೆದು ಬಂದದ್ದು ಇದೇ ವ್ಯವಸ್ಥೆ. ಅದರ ಹೆಸರು ಬೀಡಿ.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳಬೇಕಾಗಿದೆ. ಕಂಪೆನಿ ಎಲೆ, ಹೊಗೆಸೊಪ್ಪಿನ ಹುಡಿ ಮತ್ತು ನೂಲನ್ನು ಕಂಟ್ರಾಕ್ಟುದಾರನಿಗೆ ಕೊಡುತ್ತದೆ. ಅವನ ಬ್ರಾಂಚಿನಿಂದ ಹೆಂಗಸರು ಅದನ್ನು ಮನೆಗೆ ತರುತ್ತಾರೆ. ಎಲೆಯನ್ನು ನೆನೆಸಿ, ಕತ್ತರಿಸಿ, ಹುಡಿ ತುಂಬಿ, ಸುರುಟಿ, ನೂಲು ಸುತ್ತಿ, ಕಟ್ಟು ಮಾಡಿ ಮತ್ತೆ ಬ್ರಾಂಚಿಗೆ ಒಯ್ಯುತ್ತಾರೆ. ಕೂಲಿ ದಿನದ ಲೆಕ್ಕದಲ್ಲಲ್ಲ, ಸಾವಿರ ಬೀಡಿಯ ಲೆಕ್ಕದಲ್ಲಿ. ಕೊಟ್ಟ ಎಲೆ ಸಾಲದಿದ್ದರೆ ಕೈಯಿಂದ ದುಡ್ಡು ಹಾಕಿ ಎಲೆ ಕೊಳ್ಳಬೇಕು. ಸರಿಯಿಲ್ಲವೆಂದು ಬದಿಗೆ ಸರಿಸಿದ ಬೀಡಿಗೆ ಕೂಲಿ ಇಲ್ಲ. ಒಬ್ಬಳೇ ಕುಳಿತರೆ ಸಾವಿರ ಬೀಡಿಗೆ ಇಡೀ ದಿನ ಬೇಕು. ಹಾಗಾಗಿ ಶಾಲೆಯಿಂದ ಬಂದ ಮಗಳು ನೂಲು ಸುತ್ತುತ್ತಾಳೆ, ಮುದುಕಿ ಅತ್ತೆ ಕಟ್ಟು ಕಟ್ಟುತ್ತಾಳೆ. ಪುಸ್ತಕದಲ್ಲಿ ದಾಖಲಾಗುವುದು ಮಾತ್ರ ಒಬ್ಬಳ ಹೆಸರು, ಒಬ್ಬಳ ಕೂಲಿ.

ಈ ವ್ಯವಸ್ಥೆಯಲ್ಲಿ ಕಂಪೆನಿಗೆ ಏನೇನು ಉಳಿಯಿತು ನೋಡಿ. ಕಟ್ಟಡ ಬೇಕಾಗಿಲ್ಲ, ಕಾರ್ಖಾನೆ ಅವಳ ಜಗಲಿ. ದೀಪದ ಖರ್ಚು ಅವಳದ್ದು. ಕತ್ತರಿ, ಗೆರಸೆ ಅವಳದ್ದು. ಹುಡಿಯ ಧೂಳಿನಿಂದ ಬರುವ ಕೆಮ್ಮು ಅವಳದ್ದು, ಬಗ್ಗಿ ಕುಳಿತ ಬೆನ್ನಿನ ನೋವೂ ಅವಳದ್ದೇ. ಇಷ್ಟಾದ ಮೇಲೂ "ಅವಳೇನು ಕೆಲಸಕ್ಕೆ ಹೋಗುತ್ತಾಳಾ? ಮನೆಯಲ್ಲಿ ಕುಳಿತು ನಾಲ್ಕು ಬೀಡಿ ಕಟ್ಟುತ್ತಾಳೆ" ಎಂಬ ಮಾತು! ಆ ನಾಲ್ಕು ಬೀಡಿಯಲ್ಲಿ ಎಷ್ಟು ಮನೆಗಳ ಅಕ್ಕಿ ಬಂತು, ಎಷ್ಟು ತಮ್ಮಂದಿರ ಕಾಲೇಜು ಫೀಸು ತುಂಬಿತು, ಎಷ್ಟು ಅಣ್ಣಂದಿರ ಗಲ್ಫ್ ವೀಸಾದ ಸಾಲ ತೀರಿತು ಎಂಬ ಲೆಕ್ಕವನ್ನು ಯಾವ ಸಮೀಕ್ಷೆಯೂ ಮಾಡಿಲ್ಲ.

ದುಡಿಮೆಯನ್ನು ಮನೆಯೊಳಗೆ ಇಟ್ಟದ್ದು ಕೇವಲ ಖರ್ಚು ಉಳಿಸಲಿಕ್ಕಲ್ಲ. ಅದಕ್ಕೆ ಇನ್ನೊಂದು ಕಾರಣವಿತ್ತು. ಅದು ತಿಳಿಯಬೇಕಾದರೆ ಗಡಿಯಾಚೆಯ ಕಣ್ಣೂರಿನ ಕಥೆಯನ್ನು ನೆನಪಿಸಿಕೊಳ್ಳಬೇಕು. ಅಲ್ಲಿ ಬೀಡಿ ಕಟ್ಟುತ್ತಿದ್ದವರು ಹೆಚ್ಚಾಗಿ ಗಂಡಸರು ಮತ್ತು ಅವರು ಶೆಡ್ಡುಗಳಲ್ಲಿ ಸಾಲಾಗಿ ಕುಳಿತು ಕಟ್ಟುತ್ತಿದ್ದರು. ಕೈ ಬೀಡಿಯಲ್ಲಿದ್ದರೂ ಕಿವಿ ಖಾಲಿ. ಆದ್ದರಿಂದ ತಮ್ಮಲ್ಲೊಬ್ಬನಿಗೆ ಪತ್ರಿಕೆ ಓದುವ ಕೆಲಸ ಕೊಟ್ಟು, ಅವನ ಕೂಲಿಯನ್ನು ಉಳಿದವರು ತುಂಬಿಕೊಡುತ್ತಿದ್ದರು. ಹೀಗೆ ಸುದ್ದಿ ಕೇಳಿದವರು ಚರ್ಚಿಸಿದರು, ಚರ್ಚಿಸಿದವರು ಸಂಘ ಕಟ್ಟಿದರು. 1966ರಲ್ಲಿ ಬೀಡಿ ಕಾರ್ಮಿಕರಿಗಾಗಿ ಕಾಯಿದೆ ಬಂತು. ಅದನ್ನು ಜಾರಿ ಮಾಡುವ ಹಂತದಲ್ಲಿ, 1968ರಲ್ಲಿ, ಮಂಗಳೂರು ಗಣೇಶ್ ಬೀಡಿ ಸಂಸ್ಥೆ ಕಣ್ಣೂರಿನ ತನ್ನ ವ್ಯವಹಾರವನ್ನೇ ಮುಚ್ಚಿತು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಆದರೆ ಅವರು ಚದುರಿಹೋಗಲಿಲ್ಲ. 1969ರಲ್ಲಿ ಕೇರಳ ಸರಕಾರದ ನೆರವಿನಿಂದ ತಮ್ಮದೇ ಸಹಕಾರಿ ಸಂಘ ಕಟ್ಟಿದರು. ಅದುವೇ ಕೇರಳ ದಿನೇಶ್ ಬೀಡಿ. ಬೀಡಿಯ ಬೇಡಿಕೆ ಕುಸಿಯತೊಡಗಿದಾಗ ಅದೇ ಸಂಘ ಆಹಾರ ಪದಾರ್ಥ, ಕೊಡೆ ಮುಂತಾದ ಬೇರೆ ಉತ್ಪನ್ನಗಳಿಗೆ ಕೈ ಹಾಕಿ ತನ್ನವರಿಗೆ ದಾರಿ ಹುಡುಕಿತು.

ನಮ್ಮ ಜಗಲಿಗಳಲ್ಲಿ ಪತ್ರಿಕೆ ಓದಿ ಹೇಳುವವರು ಯಾರಿದ್ದರು? ಇಲ್ಲಿ ಸಂಘಟನೆಗಳೇ ಇರಲಿಲ್ಲ ಎಂದಲ್ಲ. ಮಂಗಳೂರಿನ ಬೀಡಿ ಕಾರ್ಮಿಕ ಸಂಘಗಳು ದಶಕಗಳ ಕಾಲ ಹೋರಾಡಿವೆ, ಇಂದು ಹೆಂಗಸರ ಕೈಯಲ್ಲಿ ಪಿಎಫ್ ಪುಸ್ತಕವೆಂಬುದೊಂದು ಇದ್ದರೆ ಅದರ ಹಿಂದೆ ಆ ಹೋರಾಟವಿದೆ. ಆದರೆ ಶೆಡ್ಡಿನಲ್ಲಿ ಕುಳಿತ ನೂರು ಮಂದಿಯನ್ನು ಒಂದು ಗಂಟೆಯಲ್ಲಿ ಸೇರಿಸಬಹುದು. ನೂರು ಜಗಲಿಗಳಲ್ಲಿ ಒಬ್ಬೊಬ್ಬಳೇ ಕುಳಿತ ನೂರು ಹೆಂಗಸರನ್ನು ಸೇರಿಸಲು ಎಷ್ಟು ದಿನ ಬೇಕು? ಕೂಲಿ ಕಡಿಮೆ ಮಾಡುವುದಕ್ಕಿಂತಲೂ ಕೂಲಿಯವರು ಒಬ್ಬರನ್ನೊಬ್ಬರು ಕಾಣದಂತೆ ಮಾಡುವುದು ಮಾಲಕನಿಗೆ ಹೆಚ್ಚು ಲಾಭದಾಯಕ.

1966ರ ಕಾಯಿದೆಯನ್ನು ಮಾಲಕರು ಸುಪ್ರೀಂ ಕೋರ್ಟಿನವರೆಗೆ ಒಯ್ದರು. 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಭವಿಷ್ಯನಿಧಿಯನ್ನು ಬೀಡಿ ಉದ್ಯಮಕ್ಕೆ ವಿಸ್ತರಿಸಿದಾಗ ಮತ್ತೆ ತಕರಾರು ಎದ್ದಿತು. ಮನೆಯಲ್ಲಿ ಕುಳಿತು ತನಗೆ ಬೇಕಾದ ಹೊತ್ತಿಗೆ ಬೀಡಿ ಕಟ್ಟುವವಳು ನಮ್ಮ ನೌಕರಳು ಹೇಗಾಗುತ್ತಾಳೆ, ಅವಳ ಮೇಲೆ ನಮ್ಮ ನಿಯಂತ್ರಣವೆಲ್ಲಿದೆ ಎಂದು ಮಾಲಕರು ಕೇಳಿದರು. 1985ರಲ್ಲಿ ಪಿ.ಎಂ. ಪಟೇಲ್ ಆ್ಯಂಡ್ ಸನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಉತ್ತರವನ್ನು ಪ್ರತಿಯೊಬ್ಬ ದುಡಿಯುವ ಹೆಣ್ಣುಮಗಳೂ ತಿಳಿದಿರಬೇಕು. ಸರಿಯಿಲ್ಲದ ಬೀಡಿಯನ್ನು ತಿರಸ್ಕರಿಸುವ ಹಕ್ಕು ನಿಮ್ಮ ಕೈಯಲ್ಲಿದೆಯಲ್ಲ, ಅದೇ ನಿಯಂತ್ರಣ. ಆದ್ದರಿಂದ ಅವಳು ನಿಮ್ಮ ನೌಕರಳೇ ಎಂಬುದು ಆ ತೀರ್ಪಿನ ಸಾರ. ಮೇಲ್ವಿಚಾರಕ ಬಂದು ತಲೆಯ ಮೇಲೆ ನಿಲ್ಲಬೇಕಾಗಿಲ್ಲ. ಮಾಡಿದ ಕೆಲಸವನ್ನು 'ಇದು ಬೇಡ' ಎನ್ನುವ ಅಧಿಕಾರವಿದ್ದವನೇ ಧಣಿ.

ಈಗ ಜಗಲಿಯಿಂದ ನೇರವಾಗಿ ಮೊಬೈಲಿಗೆ ಬರೋಣ. ಬೆಂಗಳೂರಿನಂಥ ಊರುಗಳಲ್ಲಿ ಬ್ಯೂಟಿ ಪಾರ್ಲರಿನ ಕೆಲಸ, ಅಡುಗೆ, ಮನೆ ಶುಚಿ ಮಾಡುವುದು ಇವೆಲ್ಲ ಆ್ಯಪ್‌ಗಳ ಮೂಲಕ ನಡೆಯುತ್ತಿವೆ. ಕಂಪೆನಿಗಳ ಭಾಷೆಯಲ್ಲಿ ಈ ಹೆಂಗಸರು ಕಾರ್ಮಿಕರಲ್ಲ, 'ಪಾಲುದಾರರು'. ಬೇಕಾದಾಗ ಕೆಲಸ, ಬೇಡವಾದಾಗ ರಜೆ, ನಿಮಗೆ ನೀವೇ ಒಡತಿ ಎಂಬ ಜಾಹೀರಾತು. ಆದರೆ ಗಿರಾಕಿ ಎಷ್ಟು ನಕ್ಷತ್ರ ಕೊಟ್ಟ ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ನಕ್ಷತ್ರ ಕಡಿಮೆಯಾದರೆ, ಬಂದ ಕೆಲಸವನ್ನು ಬೇಡವೆಂದರೆ, ಒಂದು ದಿನ ಮೊಬೈಲ್ ತೆರೆದಾಗ ಖಾತೆಯೇ ಮುಚ್ಚಿರುತ್ತದೆ. ಬೀಡಿಯನ್ನು ಬದಿಗೆ ಸರಿಸುತ್ತಿದ್ದ ಬ್ರಾಂಚಿನ ಕೈಗೂ ಈ ನಕ್ಷತ್ರಕ್ಕೂ ಏನು ವ್ಯತ್ಯಾಸ? ಅಲ್ಲಿ ಬೀಡಿ ತಿರಸ್ಕೃತವಾಗುತ್ತಿತ್ತು, ಇಲ್ಲಿ ಹೆಂಗಸೇ ತಿರಸ್ಕೃತಳಾಗುತ್ತಾಳೆ. 2021ರ ಅಕ್ಟೋಬರಿನಲ್ಲಿ ಗುರುಗ್ರಾಮದಲ್ಲಿ ಅರ್ಬನ್ ಕಂಪೆನಿಯ ಸೌಂದರ್ಯ ಸೇವೆಯ ಹೆಂಗಸರು ಕಮಿಷನ್ ಮತ್ತು ನಿಯಮಗಳ ವಿರುದ್ಧ ಕಂಪೆನಿಯ ಬಾಗಿಲಲ್ಲಿ ಧರಣಿ ಕುಳಿತರು. ಡಿಸೆಂಬರಿನಲ್ಲಿ ಮತ್ತೆ ಕುಳಿತಾಗ ಕಂಪೆನಿ ಅವರ ವಿರುದ್ಧ ಕೋರ್ಟಿಗೆ ಹೋಯಿತು. ಪಾಲುದಾರರೊಡನೆ ನಡೆದುಕೊಳ್ಳುವ ರೀತಿ ಇದೇ ಏನು?

1985ರ ತೀರ್ಪಿನ ತರ್ಕವನ್ನೇ ಮುಂದುವರಿಸಿದ್ದರೆ ಈ ಹೆಂಗಸರೆಲ್ಲ ನೌಕರರೇ ಆಗಬೇಕಿತ್ತು. ಆದರೆ 2020ರಲ್ಲಿ ಸಂಸತ್ತು ಅಂಗೀಕರಿಸಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಬೇರೆ ದಾರಿ ಹಿಡಿದಿದೆ. ಮಾಲಕ ಮತ್ತು ನೌಕರ ಎಂಬ ಸಾಂಪ್ರದಾಯಿಕ ಸಂಬಂಧದ ಹೊರಗೆ ದುಡಿಯುವವರು ಎಂದೇ ಅದು ಗಿಗ್ ಕಾರ್ಮಿಕರನ್ನು ವ್ಯಾಖ್ಯಾನಿಸುತ್ತದೆ. ಜಗಲಿಯಲ್ಲಿ ಕುಳಿತರೂ ಅವಳು ನೌಕರಳೇ ಎಂದು ಕೋರ್ಟು ನಲ್ವತ್ತು ವರ್ಷಗಳ ಹಿಂದೆ ಹೇಳಿತ್ತು. ಮೊಬೈಲ್ ಹಿಡಿದರೆ ಅವಳು ನೌಕರಳಲ್ಲ ಎಂದು ಕಾನೂನು ಇಂದು ಹೇಳುತ್ತಿದೆ. ಇದು ಪ್ರಗತಿಯೇ? ಅದೇ ದಿನ ಜಾರಿಗೆ ಬಂದ ಇನ್ನೊಂದು ಸಂಹಿತೆಯಲ್ಲಿ 1966ರ ಬೀಡಿ ಕಾಯಿದೆಯೂ ಕರಗಿ ಹೋಯಿತು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ?

ಕರ್ನಾಟಕ ಸರಕಾರ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯಿದೆ ತಂದಿದೆ. ಕಂಪೆನಿಗಳಿಂದ ಕಲ್ಯಾಣ ಶುಲ್ಕ, ಒಂದು ಮಂಡಳಿ, ಕೆಲಸದಿಂದ ತೆಗೆಯುವ ಮೊದಲು ನೋಟೀಸು ಇವೆಲ್ಲ ಅದರಲ್ಲಿವೆ. ಇದನ್ನು ಸ್ವಾಗತಿಸಲೇಬೇಕು. ಆದರೆ ಕೇವಲ ಸೆಸ್ಸನ್ನು ನಂಬಿ ಕುಳಿತರೆ ಏನಾಗುತ್ತದೆ ಎಂಬುದನ್ನು ಬೀಡಿ ಕಾರ್ಮಿಕರನ್ನು ಕೇಳಿ. 1976ರಲ್ಲಿ ಬೀಡಿಯ ಮೇಲೆ ಸೆಸ್ಸು ಹಾಕಿ ಕಲ್ಯಾಣ ನಿಧಿ ಮಾಡಲಾಯಿತು. ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು ಎಲ್ಲವೂ ಅದರಿಂದ ಬರುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸು ರದ್ದಾಯಿತು. ಬೀಡಿಯ ಮೇಲೆ ಶೇಕಡಾ 28ರ ತೆರಿಗೆ ಬಿತ್ತು, ಕಾರ್ಮಿಕರ ಯೋಜನೆಗಳು ವರ್ಷವರ್ಷದ ಬಜೆಟ್ಟಿನ ಕೃಪೆಗೆ ಬಿದ್ದವು. ಸೆಸ್ಸನ್ನು ಕೊಟ್ಟವರು ನಾಳೆ ಹಿಂದಕ್ಕೂ ಪಡೆಯಬಹುದು. ಕಾರ್ಮಿಕಳೆಂಬ ಸ್ಥಾನವಿದ್ದರೆ ಮಾತ್ರ ಕೇಳಲು ಹಕ್ಕು ಉಳಿಯುತ್ತದೆ.

ಸರಕಾರ ಕಂಪೆನಿಗಳಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲೂ ಇಲ್ಲ. ಅಂಗನವಾಡಿ ಕಾರ್ಯಕರ್ತೆಯರನ್ನೂ ಆಶಾ ಕಾರ್ಯಕರ್ತೆಯರನ್ನೂ ಅದು ನಡೆಸಿಕೊಳ್ಳುವ ಬಗೆ ಬೇರೆಯೇನು? ಕೋವಿಡ್ ಕಾಲದಲ್ಲಿ ಮನೆಮನೆಗೆ ಹೋದವರು ಇವರೇ. ಆದರೂ ಇವರಿಗೆ ಸಿಗುವುದು ಸಂಬಳವಲ್ಲ, 'ಗೌರವಧನ'. ದುಡಿದವಳಿಗೆ ಕೂಲಿ ಕೊಡಲು ಮನಸ್ಸಿಲ್ಲದಾಗ ಅವಳಿಗೆ ಗೌರವ ಕೊಡುವುದು ನಮ್ಮ ಹಳೆಯ ಉಪಾಯ. ಅಂಗನವಾಡಿಯವರಿಗೆ ಗ್ರ್ಯಾಚುಟಿ ಸಲ್ಲಬೇಕೆಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

"ಮನೆಯಲ್ಲೇ ದುಡಿಯುವುದು ಹೆಂಗಸರಿಗೂ ಅನುಕೂಲವಲ್ಲವೇ? ಮಕ್ಕಳನ್ನು ನೋಡಿಕೊಂಡು, ಅಡುಗೆ ಮಾಡಿಕೊಂಡು ನಾಲ್ಕು ಕಾಸು ಬಂದರೆ ತಪ್ಪೇನು?" ಎಂದು ಕೇಳುವವರಿದ್ದಾರೆ. ತಪ್ಪೇನೂ ಇಲ್ಲ. ಆದರೆ ಯಾರಿಗೆ ಅನುಕೂಲ ಎಂದು ಕೇಳಬೇಕು. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲೇ ಕಳೆಯುತ್ತಾರೆ. ಮನೆಗೆಲಸ ಮಾಡುವ ಗಂಡಸರು 88 ನಿಮಿಷ. ಮಾಡದೇ ಇರುವ ಗಂಡಸರು ಈ ಲೆಕ್ಕದಲ್ಲಿಲ್ಲ! 2023ರಲ್ಲಿ ಕರ್ನಾಟಕ ತನ್ನ ಕಾರ್ಖಾನೆ ಕಾನೂನನ್ನು ತಿದ್ದಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ದುಡಿಸಬಹುದೆಂದು ಮಾಡಿತು, ಹೆಂಗಸರಿಗೆ ರಾತ್ರಿ ಪಾಳಿಯನ್ನೂ ತೆರೆಯಿತು. ಹನ್ನೆರಡು ಗಂಟೆಗೆ ಆ 289 ನಿಮಿಷವನ್ನು ಕೂಡಿಸಿ ನೋಡಿ. ಉಳಿಯುವ ಏಳು ಗಂಟೆಯಲ್ಲಿ ಬಸ್ಸಿನ ಪ್ರಯಾಣ, ಸ್ನಾನ, ಊಟ, ನಿದ್ದೆ ಎಲ್ಲವೂ ಆಗಬೇಕು. ಮನೆಯ ಕೆಲಸವನ್ನು ಹಂಚಿಕೊಳ್ಳದ ಗಂಡಸು, ಹೊರಗಿನ ಕೆಲಸದಲ್ಲಿ ವಿನಾಯಿತಿ ಕೊಡದ ಕಾರ್ಖಾನೆ, ಇವೆರಡರ ನಡುವೆ ಸಿಕ್ಕಿದವಳು 'ಮನೆಯಲ್ಲೇ ಕುಳಿತು ಮಾಡುವ ಕೆಲಸವಿದ್ದರೆ ಸಾಕು' ಎಂದರೆ ಅದು ಅವಳ ಆಯ್ಕೆಯೂ ಅಲ್ಲ, ಅನುಕೂಲವೂ ಅಲ್ಲ.

ಇನ್ನು ನಮ್ಮ ಸಮುದಾಯದ ಮಾತು. ಕೆಲಸ ಮಾಡುವ ಮುಸ್ಲಿಮ್ ಹೆಂಗಸರಲ್ಲಿ ಸುಮಾರು ಶೇಕಡಾ 70ರಷ್ಟು ಮಂದಿ ಸ್ವಂತ ಮನೆಯೊಳಗೇ ದುಡಿಯುತ್ತಾರೆಂದು 2006ರ ಸಾಚಾರ್ ಸಮಿತಿ ವರದಿ ಹೇಳಿತು. ಹೆಣ್ಣು ಹೊಸ್ತಿಲು ದಾಟಬಾರದೆಂದು ಉಪದೇಶಿಸುವ ನಾವು, ಆ ಹೊಸ್ತಿಲೊಳಗೆ ಕಂಪೆನಿ ಬಂದು ಕುಳಿತದ್ದನ್ನು ಮಾತ್ರ ಪ್ರಶ್ನಿಸಲಿಲ್ಲ. ಹೆಣ್ಣು ದುಡಿದದ್ದು ಹೆಣ್ಣಿನ ಸ್ವತ್ತು, ಅದರ ಮೇಲೆ ತಂದೆಗೂ ಗಂಡನಿಗೂ ಅಧಿಕಾರವಿಲ್ಲ ಎಂಬ ಇಸ್ಲಾಮಿನ ನಿಲುವನ್ನು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹಾಗಾದರೆ ಬೀಡಿ ಕಟ್ಟಿದ ದುಡ್ಡನ್ನು ಕೂಡಿಟ್ಟು ಅವಳ ವರದಕ್ಷಿಣೆಗೇ ತೆತ್ತವರು ಯಾರು? ತನ್ನ ಬೆರಳು ಸವೆಸಿ ತನ್ನನ್ನೇ ಮಾರಾಟಕ್ಕಿಟ್ಟ ಹುಡುಗಿಯರ ಮದುವೆಯ ಊಟವನ್ನು ಉಂಡು ಬಂದವರು ಯಾರು? ವ್ಯಾಪಾರಿಯಾಗಿದ್ದ ಖದೀಜಾರ ಹೆಸರನ್ನು ಭಾಷಣಕ್ಕೆ ಬಳಸುವವರು ತಮ್ಮ ಮಗಳ ಕೂಲಿಯ ಲೆಕ್ಕವನ್ನು ಅವಳ ಕೈಗೆ ಕೊಟ್ಟಿದ್ದಾರೆಯೇ?

ಹೊರಗಿನವರೂ ಕಡಿಮೆಯೇನಲ್ಲ. ಮುಸ್ಲಿಮ್ ಹೆಣ್ಣನ್ನು ಬಂಧನದಿಂದ ಬಿಡಿಸುತ್ತೇವೆ ಎನ್ನುವವರೇ 2022ರ ಫೆಬ್ರವರಿಯಲ್ಲಿ ತಲೆವಸ್ತ್ರದ ಕಾರಣಕ್ಕೆ ಹುಡುಗಿಯರನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದರು. ಮಾರ್ಚ್ 15ರಂದು ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಓದು ಅರ್ಧಕ್ಕೆ ನಿಂತ ಹುಡುಗಿ ಎಲ್ಲಿಗೆ ಹೋಗುತ್ತಾಳೆ? ಶಿಕ್ಷಕಿಯಾಗಬೇಕಾದವಳು, ನರ್ಸ್ ಆಗಬೇಕಾದವಳು ಮರಳಿ ಅದೇ ಜಗಲಿಗೆ ಬರುತ್ತಾಳೆ. ಒಳಗಿನವರ ಹೊಸ್ತಿಲು, ಹೊರಗಿನವರ ಗೇಟು ಎರಡೂ ಸೇರಿ ಅಗ್ಗದ ಕೂಲಿಗೆ ಆಳುಗಳನ್ನು ಒದಗಿಸುತ್ತಿವೆ.

"ಬೀಡಿ ಆರೋಗ್ಯಕ್ಕೆ ಹಾನಿಕರ, ಆ ಉದ್ಯಮ ಸಾಯುವುದೇ ಒಳ್ಳೆಯದು" ಎಂಬ ಮಾತೂ ಇದೆ. ಹಾನಿಕರ ಎಂಬುದರಲ್ಲಿ ಎರಡು ಮಾತಿಲ್ಲ. ಸೇದುವವನಿಗೂ ಹಾನಿ, ಕಟ್ಟುವವಳಿಗೂ ಹಾನಿ. ಆದರೆ ಭಾರತ 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 17ನೇ ವಿಧಿ, ತಂಬಾಕು ಕಾರ್ಮಿಕರಿಗೆ ಬದಲಿ ಜೀವನೋಪಾಯ ಒದಗಿಸಲು ನೆರವಾಗಬೇಕು ಎನ್ನುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧ 2008ರಲ್ಲೇ ಬಂತು, ತೆರಿಗೆ 2017ರಲ್ಲಿ ಬಂತು. ಐವತ್ತು ದಾಟಿದ, ಕಣ್ಣು ಮಂಜಾದ, ಬೀಡಿಯ ಹೊರತು ಬೇರೆ ಕಸುಬು ಕಲಿಯದ ಹೆಂಗಸಿಗೆ ಬದಲಿ ದಾರಿ ಯಾವಾಗ ಬರುತ್ತದೆ? ಒಂದು ಹೊಲಿಗೆ ಯಂತ್ರ ಕೊಟ್ಟು ಫೋಟೋ ತೆಗೆಸಿಕೊಂಡರೆ ಅದು ಬದಲಿ ಜೀವನೋಪಾಯವಲ್ಲ.

ಹೆಂಗಸರು ಒಂದೆಡೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ರಾಜ್ಯದಲ್ಲಿ ಸಾಕ್ಷಿಯಿದೆ. 2016ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಪಿಎಫ್ ಹಣ ಹಿಂಪಡೆಯುವುದಕ್ಕೆ ಹೊಸ ನಿರ್ಬಂಧ ಹೇರಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡೇ ದಿನಗಳಲ್ಲಿ ಸರಕಾರ ಆದೇಶ ಹಿಂತೆಗೆದುಕೊಂಡಿತು. ಗಾರ್ಮೆಂಟ್ಸ್ ಕಾರ್ಖಾನೆ ಸ್ವರ್ಗವೇನಲ್ಲ, ಅಲ್ಲಿನ ಕೂಲಿ, ಬೈಗುಳ, ಒತ್ತಡ ಎಲ್ಲರಿಗೂ ತಿಳಿದದ್ದೇ. ಆದರೆ ಒಂದೇ ಗೇಟಿನಿಂದ ಹೊರಬರುವವರಿಗೆ ಒಂದೇ ರಸ್ತೆಯಲ್ಲಿ ನಿಲ್ಲಲು ಸಾಧ್ಯವಾಯಿತು. ಜಗಲಿಯಲ್ಲಿರುವವರಿಗೂ ಮೊಬೈಲಿನಲ್ಲಿರುವವರಿಗೂ ಇಲ್ಲದೇ ಹೋದದ್ದು ಇದೇ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಮಾಡಿದ ಕೆಲಸವನ್ನು ತಿರಸ್ಕರಿಸುವ ಅಧಿಕಾರ ಯಾರಿಗಿದೆಯೋ ಅವನೇ ಮಾಲಕ ಎಂಬ 1985ರ ತತ್ವ, ಜಗಲಿಗೂ ಆ್ಯಪಿಗೂ ಅಂಗನವಾಡಿಗೂ ಸಮಾನವಾಗಿ ಅನ್ವಯವಾಗಬೇಕು. ಬೀಡಿಯಿಂದ ಹೊರಬರುವ ಹೆಂಗಸರಿಗೆ ತರಬೇತಿಯ ಜೊತೆಗೆ ತರಬೇತಿಯ ದಿನಗಳ ಕೂಲಿಯೂ ಸಿಗಬೇಕು. ಕೆಲಸಕ್ಕೆ ಹೋಗುವವಳಿಗೆ ಮಗುವನ್ನು ಬಿಟ್ಟುಹೋಗಲು ಜಾಗ ಬೇಕು, ಹೋಗಲು ಬಸ್ಸು ಬೇಕು. 2023ರಲ್ಲಿ ಆರಂಭವಾದ ಶಕ್ತಿ ಯೋಜನೆ ಸರಕಾರಿ ಬಸ್ಸುಗಳಿರುವ ಕಡೆ ಹೆಂಗಸರಿಗೆ ದೊಡ್ಡ ಬಲ ಕೊಟ್ಟಿದೆ. ಖಾಸಗಿ ಬಸ್ಸುಗಳೇ ತುಂಬಿರುವ ಕರಾವಳಿಯ ಹೆಣ್ಣುಮಕ್ಕಳಿಗೆ ಅದರ ಪ್ರಯೋಜನ ಪೂರ್ತಿಯಾಗಿ ತಲುಪಿಲ್ಲ.

ಸರಕಾರವನ್ನು ಕೇಳುವುದರ ಜೊತೆಗೆ ನಾವೇ ಮಾಡಬಹುದಾದ ಕೆಲಸವೊಂದಿದೆ. ಬೀಡಿ ಕಟ್ಟಿದ ನಮ್ಮ ತಾಯಂದಿರ ಪಿಎಫ್ ಪುಸ್ತಕದಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಹೆಸರು. ಮದುವೆಗೆ ಮೊದಲು ತಂದೆಯ ಹೆಸರು, ಬಳಿಕ ಗಂಡನ ಹೆಸರು. ಹುಟ್ಟಿದ ದಿನಾಂಕ ಅಂದಾಜಿನದ್ದು. ಈ ಒಂದು ಅಕ್ಷರದ ವ್ಯತ್ಯಾಸಕ್ಕಾಗಿ ಜೀವಮಾನದ ದುಡಿಮೆಯ ಹಣ ಕಚೇರಿಯಲ್ಲೇ ಉಳಿಯುತ್ತದೆ. ಅದೆಲ್ಲ ಸರಿಯಾದರೂ ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ ನಿಗದಿಯಾದ ತಿಂಗಳಿಗೆ 1000 ರೂಪಾಯಿ! ಅದನ್ನು ಹೆಚ್ಚಿಸಲು ಹೋರಾಡಬೇಕು, ನಿಜ. ಆದರೆ ಆ ಸಾವಿರವನ್ನಾದರೂ ಪಡೆಯಲು ಅವಳ ಹೆಸರು ಸರಿಯಾಗಬೇಕಲ್ಲ? ಸ್ವಲಾತ್ ವಾರ್ಷಿಕಕ್ಕೂ ಬ್ರಹ್ಮಕಲಶಕ್ಕೂ ಕ್ರಿಕೆಟ್ ಟೂರ್ನಮೆಂಟಿಗೂ ಪೆಂಡಾಲ್ ಹಾಕುವ ಜಮಾಅತ್ ಕಮಿಟಿಗಳು, ಯುವಕ ಮಂಡಲಗಳು, ಸ್ಪೋರ್ಟ್ಸ್ ಕ್ಲಬ್ಬುಗಳು ವರ್ಷಕ್ಕೊಂದು ದಿನ ಊರಿನ ಬೀಡಿ ಕಾರ್ಮಿಕರ ಪಿಎಫ್ ದಾಖಲೆ ಸರಿಪಡಿಸುವ ಶಿಬಿರ ನಡೆಸಲಿ. ಓದಿದ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಕುಳಿತುಕೊಳ್ಳಲಿ. ಅವರನ್ನು ಓದಿಸಿದ್ದು ಆ ಬೆರಳುಗಳೇ. ಆ ದಿನ ಊರಿನ ಎಲ್ಲ ಜಗಲಿಗಳ ಹೆಂಗಸರು ಒಂದೇ ಪೆಂಡಾಲಿನಡಿ ಸೇರುತ್ತಾರೆ, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನೋಡುತ್ತಾರೆ, ಕೂಲಿಯ ಮಾತು ಬರುತ್ತದೆ. ಕಣ್ಣೂರಿನ ಶೆಡ್ಡುಗಳಲ್ಲಿ ಸಂಘ ಹುಟ್ಟಿದ್ದೂ ಹೀಗೆಯೇ.